ಅಪ್‌ಡೇಟ್: ಟ್ವಿನ್ ಟರ್ಬೊ ಎಂಜಿನ್‌ಗೆ ಪೆಟ್ರೋಲ್ ಸಾಲದಿದ್ದುದಕ್ಕೆ ಕಾರಣ ಸಿಕ್ಕಿತು

ಹವ್ಯಾಸಕ್ಕಾಗಿ ನಾನು ಕಟ್ಟುತ್ತಿರುವ ಆರು ಸಿಲಿಂಡರಿನ ಟ್ವಿನ್ ಟರ್ಬೊ ಕಾರಿನಲ್ಲಿ, ಪೂರ್ಣ ಬೂಸ್ಟ್‌ನಲ್ಲಿ (ಟರ್ಬೊಗಳು ಎಂಜಿನ್‌ಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) 5,500 ಆರ್‌ಪಿಎಂ ದಾಟುತ್ತಿದ್ದಂತೆ ಇಂಧನ ಮಿಶ್ರಣ ತೆಳುವಾಗುವುದೇಕೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿರುವುದೇಕೆ ಎಂದು ಈ ಹಿಂದೆ ಕೇಳಿದ್ದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಚಿಕ್ಕವಾಗಿರಬಹುದು ಎಂದು ಹಲವರು ಹೇಳಿದ್ದರು. ಇಂಧನದ ಪಂಪಿಗೆ ತಲುಪುವ ವೋಲ್ಟೇಜನ್ನು ಮೊದಲು ಅಳೆಯಿರಿ ಎಂದು ಒಬ್ಬರು ಮಾತ್ರ ಸೂಚಿಸಿದ್ದರು. ಅವರ ಮಾತೇ ಸರಿಯಾಗಿತ್ತು.

ರೆಗ್ಯುಲೇಟರ್ ಬೂಸ್ಟ್‌ಗೆ ಸಮನಾಗಿ ಇಂಧನದ ಒತ್ತಡವನ್ನು ಏರಿಸುವುದರಿಂದ, 3 ಬಾರ್ ಮೂಲ ಒತ್ತಡವಿರುವ ನನ್ನ ಎಂಜಿನ್‌ನಲ್ಲಿ 1 ಬಾರ್ ಬೂಸ್ಟ್ ಬಂದಾಗ 4 ಬಾರ್ ಇರಬೇಕಿತ್ತು. ಆದರೆ ಮೀಟರಿನ ಮುಳ್ಳು 3.4ಕ್ಕೆ ಕುಸಿಯುತ್ತಿತ್ತು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಬಳಿ 13.8 ವೋಲ್ಟ್ ಇದ್ದರೂ ಪಂಪಿನ ಬಳಿ 11.2 ಮಾತ್ರ ಸಿಗುತ್ತಿತ್ತು. ಹಿಂಬದಿಯ ಸೀಟನ್ನು ತೆಗೆದು ನೋಡಿದರೆ, ಪಂಪಿನ ತಂತಿಯ ಹಳೆಯ ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ ಒಂದು ಪಿನ್ನಿನ ಸುತ್ತ ಕರಗಿ ಮೆತ್ತಿಕೊಂಡಿತ್ತು. ದೊಡ್ಡ ಪಂಪನ್ನು ಹಾಕಿಯೂ ಕಾರಿನ ಮೂಲ ತೆಳು ತಂತಿಯನ್ನೇ ಉಳಿಸಿಕೊಂಡದ್ದು ನನ್ನ ತಪ್ಪು.

ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು ಫ್ಯೂಸ್, ರಿಲೇ ಅಳವಡಿಸಿದ ಮೇಲೆ ಒತ್ತಡ 4 ಬಾರ್‌ನಲ್ಲೇ ನಿಲ್ಲುತ್ತಿದೆ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.80ರ ಆಸುಪಾಸಿನಲ್ಲಿದೆ. ಬೂಸ್ಟ್‌ನಲ್ಲಿ ಮಿಶ್ರಣ ತೆಳುವಾದರೆ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿಯುವುದು) ಹುಟ್ಟಿ ಪಿಸ್ಟನ್ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲವಾದ್ದರಿಂದ, ಬೋರ್‌ಸ್ಕೋಪ್ (ಒಳಗೆ ಇಣುಕುವ ಸಣ್ಣ ಕ್ಯಾಮೆರಾ) ಇಳಿಸಿ ಆರೂ ಸಿಲಿಂಡರ್‌ಗಳನ್ನು ನೋಡಿದೆ, ಸಿಲಿಂಡರ್‌ಗಳು ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿದೆ. ಎಲ್ಲವೂ ಕ್ಷೇಮವಾಗಿರುವುದು ನನಗೆ ಅಪಾರ ಸಮಾಧಾನ ತಂದಿದೆ.

ಕಾರಿನಲ್ಲಿ ಇನ್ನೊಂದು ತೊಂದರೆಯೂ ಇತ್ತು: ಒಂದು ಟರ್ಬೊದಿಂದ ನೀಲಿ ಹೊಗೆ ಬರುತ್ತಿತ್ತು. ಅದಕ್ಕೆ ಆಯಿಲ್ ಸೋರದಂತೆ ತಡೆಯುವ ಸೀಲ್ ಕಾರಣವಾಗಿರಲಿಲ್ಲ. ಆಯಿಲ್ ಹಿಂದಿರುಗುವ ಪೈಪು ನಡುವೆ ಜೋತುಬಿದ್ದು ಅಲ್ಲಿ ಆಯಿಲ್ ನಿಲ್ಲುತ್ತಿತ್ತು. ಉದ್ದಕ್ಕೂ ಇಳಿಜಾರು ಇರುವಂತೆ ಮರುಜೋಡಿಸಿದ ಮೇಲೆ ಹೊಗೆ ನಿಂತಿದೆ.