ಚಳಿಗಾಲದಲ್ಲಿ ಸ್ಕಾಟ್ಲೆಂಡ್ ದ್ವೀಪ: ಒಂದು ದಿನದಲ್ಲಿ ಏನೇನು ಕಾಣಬಹುದು?

ಪ್ರಶ್ನೆ: ಡಿಸೆಂಬರ್ ಕೊನೆಗೆ ಅಮ್ಮನನ್ನು ಕರೆದುಕೊಂಡು ಗ್ಲಾಸ್ಗೋದಲ್ಲಿರುವ ತಂಗಿ ಮನೆಗೆ ಬರುತ್ತಿದ್ದೇನೆ. ಒಂದು ದಿನವಾದರೂ ದ್ವೀಪಕ್ಕೆ ಹೋಗಿ ಪ್ರಾಣಿ ಪಕ್ಷಿ ನೋಡುವ ಆಸೆ. ಪಫಿನ್ ಕಡಲಹಕ್ಕಿ ಸಿಗುತ್ತಾ? ಐಲಾ ಒಳ್ಳೆಯದಾ, ಮಲ್ ಒಳ್ಳೆಯದಾ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಉತ್ತರ 1: ಪಫಿನ್ ಆಸೆ ಬಿಟ್ಟುಬಿಡಿ. ಚಳಿಗಾಲವೆಲ್ಲ ಅವು ನಡುಗಡಲಲ್ಲೇ ಇರುತ್ತವೆ, ದಡಕ್ಕೆ ಬರುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ನನ್ನ ಓಟು ಐಲಾಗೆ. ಗ್ರೀನ್‌ಲ್ಯಾಂಡ್‌ನಿಂದ ಸಾವಿರಾರು ಬಾರ್ನಕಲ್ ಹೆಬ್ಬಾತುಗಳು ಅಕ್ಟೋಬರ್‌ನಲ್ಲಿ ಬಂದು ಏಪ್ರಿಲ್‌ವರೆಗೆ ಅಲ್ಲೇ ಠಿಕಾಣಿ ಹೂಡುತ್ತವೆ. ಬಿಳಿ ಮುಖ, ಕಪ್ಪು ಕತ್ತು. ಗದಗದ ಹತ್ತಿರ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡಿದ್ದೀರಾ? ಅವುಗಳ ದೂರದ ನೆಂಟರು ಇವು. ಹಗಲು ಹುಲ್ಲುಗಾವಲಲ್ಲಿ ಮೇಯ್ದು, ಸಂಜೆ ಅಲ್ಲಿನ ಕೊಲ್ಲಿ ಲಾಕ್ ಗ್ರೂನಾರ್ಟ್‌ನ ಕೆಸರು ಬಯಲಿಗೆ ಮಲಗಲು ಬರುತ್ತವೆ. ಮೊದಲು ಸದ್ದು ಕೇಳುತ್ತದೆ, ನಾಯಿಮರಿಗಳ ದಂಡು ಬೊಗಳಿದ ಹಾಗೆ. ಆಮೇಲೆ ಸಾಲು ಸಾಲು. ಕೆಲವು ಇಳಿಯುವಾಗ ಗಾಳಿಯಲ್ಲೇ ಮಗ್ಗುಲು ತಿರುಗಿಸಿ ಧೊಪ್ಪನೆ ಕೆಳಗೆ ಜಾರುತ್ತವೆ. ಮೂರು ಗಂಟೆಗೆಲ್ಲ ಅಲ್ಲಿರಿ, ನಾಲ್ಕರ ಒಳಗೆ ಸೂರ್ಯ ಮುಳುಗುತ್ತಾನೆ.

ಅಮ್ಮ ಕಾರಿನಿಂದ ಇಳಿಯದಿದ್ದರೇ ಒಳ್ಳೆಯದು. ಕಾರಿಗೆ ಹೆದರದ ಹಕ್ಕಿ, ಬಾಗಿಲು ತೆಗೆದರೆ ಎದ್ದು ಹೋಗುತ್ತದೆ. ಸುಮ್ನೆ ಎಬ್ಬಿಸಬೇಡಿ. ಅಲ್ಲಿನ ರೈತರ ಹುಲ್ಲನ್ನೇ ಇವು ತಿನ್ನುವುದು, ಆ ನಷ್ಟಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ರಸ್ತೆಗಳು ಒಂದೇ ಗಾಡಿ ಅಗಲ. ಎದುರು ಗಾಡಿಗೆ ದಾರಿ ಬಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಬೈನಾಕ್ಯುಲರ್ ಹಿಡಿದರೆ ಬೈಗುಳ ಗ್ಯಾರಂಟಿ.

ಉತ್ತರ 2: ಹೆಬ್ಬಾತು ಸರಿ, ಆದರೆ ಗ್ಲಾಸ್ಗೋದಿಂದ ಒಂದೇ ದಿನದಲ್ಲಿ ಐಲಾ? ಫೆರ್ರಿ ಹೊರಡುವ ಬಂದರು ಕೆನಕ್ರೇಗ್‌ವರೆಗೆ ಕಾರು, ಆಮೇಲೆ ಸುಮಾರು ಎರಡು ಗಂಟೆ ಫೆರ್ರಿ. ಬೆಳಕು ಇರುವುದೇ ಏಳು ಗಂಟೆ! ಮಲ್‌ಗೆ ಓಬನ್ ಬಂದರಿನಿಂದ ಫೆರ್ರಿಯಲ್ಲಿ ಒಂದು ಗಂಟೆಯೊಳಗೆ ತಲುಪುತ್ತೀರಿ. ಲಾಕ್ ನಾ ಕೀಲ್ ಕೊಲ್ಲಿಯ ದಂಡೆಗೇ ರಸ್ತೆ ಇದೆ, ಕಾರಿನಲ್ಲೇ ಕೂತು ನೋಡಬಹುದು. ಬಿಳಿಬಾಲದ ಹದ್ದು ಅಲ್ಲಿನ ದೊಡ್ಡ ಆಕರ್ಷಣೆ. ಬ್ರಿಟನ್ನಿನಲ್ಲಿ ಪೂರ್ತಿ ಅಳಿದುಹೋಗಿದ್ದ ಇದನ್ನು 1975ರಲ್ಲಿ ನಾರ್ವೆಯಿಂದ ಹತ್ತಿರದ ರಮ್ ದ್ವೀಪಕ್ಕೆ ತಂದು ಬಿಟ್ಟರು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು.

ನನಗೆ ಹದ್ದಿಗಿಂತ ನೀರುನಾಯಿ ಇಷ್ಟ. ಇಲ್ಲಿ ಅವು ಹಗಲಲ್ಲೂ ಸಮುದ್ರದಲ್ಲಿ ಬೇಟೆಯಾಡುತ್ತವೆ. ಸೀಲ್ ಜತೆ ಗೊಂದಲ ಆಗುವುದು ಸಹಜ. ಮುಳುಗುವಾಗ ಬಾಲ ನೋಡಿ: ಬೆನ್ನು ಬಾಗಿ, ಕೊನೆಗೆ ಚೂಪು ಬಾಲ ಮೇಲೆದ್ದು ಒಳಗೆ ಹೋದರೆ ನೀರುನಾಯಿ. ಸೀಲ್ ತಲೆ ಹಾಗೇ ಕೆಳಗಿಳಿಯುತ್ತದೆ. ಸಣ್ಣ ತೊರೆ ಸಮುದ್ರ ಸೇರುವ ಕಡೆ ಕಾಯಿರಿ. ಮೈಯ ಉಪ್ಪು ತೊಳೆಯಲು ಸಿಹಿನೀರು ಬೇಕಲ್ವಾ, ಅಲ್ಲಿಗೆ ಬರುತ್ತವೆ. ಗಾಳಿ ಜೋರಿದ್ದರೆ ಅಲೆಗಳಲ್ಲಿ ಏನೂ ಕಾಣುವುದಿಲ್ಲ.

ಉತ್ತರ 1: ಒಪ್ಪಿದೆ, ಐಲಾ ಅಂದರೆ ರಾತ್ರಿ ಉಳಿಯಲೇಬೇಕು. ಒಂದೇ ದಿನ ಅಂದರೆ ಮಲ್.

ಉತ್ತರ 3: ಎಲ್ಲಿಗೇ ಹೋಗಿ, ಊರಿಗೆ ವಿಮಾನ ಇರುವ ಹಿಂದಿನ ದಿನ ಮಾತ್ರ ಬೇಡ. ಬಿರುಗಾಳಿ ಎದ್ದರೆ ಫೆರ್ರಿ ರದ್ದಾಗುತ್ತದೆ, ನಾವು ಹಾಗೆ ಸಿಕ್ಕಿಕೊಂಡಿದ್ದೆವು. ಕ್ರಿಸ್‌ಮಸ್, ಹೊಸ ವರ್ಷದ ದಿನ ಅಂಗಡಿ, ಹೋಟೆಲ್ ಬಹಳಷ್ಟು ಮುಚ್ಚಿರುತ್ತವೆ. ಫ್ಲಾಸ್ಕ್‌ನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಳ್ಳಿ. ಪೆಟ್ರೋಲ್ ಓಬನ್‌ನಲ್ಲೇ ತುಂಬಿಸಿ.