ಹಳೆಯ ಮ್ಯಾಸ್ಸಿ 1035 ಟ್ರ್ಯಾಕ್ಟರ್: ಹಿಂದಿನ ಎಡಗಾಲಿಯ ಸ್ಟಡ್ಡು ತುಂಡಾಗುತ್ತಿವೆ, ಆಕ್ಸೆಲ್ ಬದಲಿಸಲೇಬೇಕೆ?

ಪ್ರಶ್ನೆ (ಮಲೇಬೆನ್ನೂರು ಕಡೆಯಿಂದ)

ನಮ್ಮಲ್ಲಿರುವುದು ಡ್ರಮ್ ಬ್ರೇಕಿನ ಹಳೆಯ ಮ್ಯಾಸ್ಸಿ ಫರ್ಗುಸನ್ 1035. ತಂದೆಯವರು ಕೊಂಡದ್ದು; ಭದ್ರಾ ನಾಲೆಯ ಗದ್ದೆಗಳಲ್ಲಿ ರೊಳ್ಳೆ ಹೊಡೆಯಲು (ನೀರು ನಿಲ್ಲಿಸಿ ಕೆಸರು ಮಾಡಲು) ಮತ್ತು ಉಳಿದ ದಿನಗಳಲ್ಲಿ ಟ್ರೇಲರ್ ಎಳೆಯಲು ಇಂದಿಗೂ ಅದೇ ಆಧಾರ. ಕಳೆದ ಮೂರು ಹಂಗಾಮುಗಳಿಂದ ಎಡಗಾಲಿಯ ನಟ್ಟುಗಳು ಪದೇ ಪದೇ ಸಡಿಲವಾಗುತ್ತಿದ್ದವು. ಈ ಬಾರಿ ಎಂಟು ಸ್ಟಡ್ಡುಗಳಲ್ಲಿ (ಗಾಲಿಯ ನಟ್ಟು ಕೂರುವ ಬೋಲ್ಟುಗಳಲ್ಲಿ) ಮೂರು ತುಂಡಾದವು. ಗಾಲಿ ಬಿಚ್ಚಿ ನೋಡಿದಾಗ ಹಬ್‌ನ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿರುವುದು ಕಂಡಿತು. ಬ್ರೇಕ್ ಡ್ರಮ್ಮಿನೊಳಗೆ ಆಯಿಲ್ಲೂ ಕೆಸರೂ ಬೆರೆತು ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ತೂತುಗಳಿಗೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಮತ್ತೆ ಕೊರೆಸಿದರೆ ಸಾಕೆಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಆಕ್ಸೆಲ್ಲನ್ನೇ ಬದಲಿಸಬೇಕೆಂದು ಹರಿಹರದ ಇನ್ನೊಬ್ಬರು ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ದಾವಣಗೆರೆ, ಗ್ಯಾರೇಜು ನಡೆಸುವವರು)

ಮಾನ್ಯರೇ, ವೆಲ್ಡಿಂಗ್ ಬೇಡ. ಈ ಗಾಡಿಯಲ್ಲಿ ಹಬ್ ಎಂದು ನಾವು ಕರೆಯುವ ಅಗಲವಾದ ತಟ್ಟೆ ಆಕ್ಸೆಲ್ಲಿನದೇ ತುದಿ. ಬಡಿದು ರೂಪಿಸಿ, ಕಾಯಿಸಿ ಹದಗೊಳಿಸಿದ ಉಕ್ಕು ಅದು. ಅದರ ಮೇಲೆ ವೆಲ್ಡಿಂಗ್ ಬಿದ್ದರೆ ತುಂಬಿದ ಜಾಗ ಗಟ್ಟಿಯಾಗಿಯೇ ಕಂಡರೂ, ಅದರ ಅಂಚಿನ ಉಕ್ಕು ಹದ ಕಳೆದುಕೊಂಡು ಪೆಡಸಾಗುತ್ತದೆ. ಮುಂದೊಂದು ದಿನ ಮೆಕ್ಕೆಜೋಳ ತುಂಬಿದ ಟ್ರೇಲರ್ ಎಳೆಯುವಾಗ ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಆದರೆ ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಾತು ತಿಳಿಯಬೇಕು. ರೊಳ್ಳೆ ಹೊಡೆಯುವಾಗ ರಬ್ಬರ್ ಗಾಲಿಯನ್ನು ಬಿಚ್ಚಿ ಪೂರ್ತಿ ಕೇಜ್ ವೀಲ್ (ಕೆಸರಿಗೆಂದೇ ಮಾಡಿದ ಕಬ್ಬಿಣದ ಪಂಜರದ ಗಾಲಿ) ಹಾಕುತ್ತೀರೋ, ಗಾಲಿಯ ಹೊರಗೆ ಅರ್ಧ ಕೇಜ್ ವೀಲ್ ಜೋಡಿಸುತ್ತೀರೋ? ನಟ್ಟು ಸಡಿಲವಾಗುವುದು ಯಾವಾಗ?

ಪ್ರಶ್ನಿಸಿದವರು

ಪೂರ್ತಿ ಕೇಜ್ ವೀಲ್ ಹಾಕುತ್ತೇವೆ ಸರ್. ಸಡಿಲವಾಗುವುದು ಹೆಚ್ಚಾಗಿ ಗದ್ದೆಯಲ್ಲೇ. ತಾವು ಕೇಳಿದ ಮೇಲೆ ಹೋಗಿ ನೋಡಿದೆ: ಎಡಗಡೆಯ ಕೇಜ್ ವೀಲ್‌ನ ತಟ್ಟೆಯಲ್ಲಿ ತೂತುಗಳನ್ನು ಗ್ಯಾಸ್ ಕಟಿಂಗ್‌ನಲ್ಲಿ ಮಾಡಲಾಗಿದೆ, ಅಂಚುಗಳು ಹರಕಾಗಿವೆ, ಸ್ಟಡ್ಡಿನ ಸುತ್ತ ಬೆರಳಿನ ಉಗುರು ತೂರುವಷ್ಟು ಸಂದಿದೆ.

ಉತ್ತರ (ದಾವಣಗೆರೆ)

ಕಾರಣ ಅಲ್ಲಿಯೇ ಇದೆ. ಗಾಲಿಯ ನಟ್ಟಿನ ಒಳಮುಖ ಇಳಿಜಾರಾಗಿರುತ್ತದೆ. ಗಾಲಿಯ ನಡುವಿನ ತಟ್ಟೆ, ಅಂದರೆ ಡಿಸ್ಕಿನ ತೂತಿಗೂ ಅಷ್ಟೇ ಇಳಿಜಾರು ಇದ್ದಾಗ ಮಾತ್ರ ಅದು ಕೂತು, ಡಿಸ್ಕನ್ನು ನಡುಮಧ್ಯಕ್ಕೆ ತಂದು ಹಬ್‌ಗೆ ಬಿಗಿಯುತ್ತದೆ. ಆ ಬಿಗಿಯಿಂದ ಡಿಸ್ಕೂ ಹಬ್ಬೂ ಒಂದಕ್ಕೊಂದು ಕಚ್ಚಿ ಎಳೆತವನ್ನು ಹೊರಬೇಕೇ ಹೊರತು ಸ್ಟಡ್ಡುಗಳಲ್ಲ. ಗ್ಯಾಸಿನಲ್ಲಿ ಕತ್ತರಿಸಿದ ಒರಟು ತೂತಿನಲ್ಲಿ ನಟ್ಟು ಅಂಚಿನ ಮೇಲಷ್ಟೇ ನಿಲ್ಲುವುದರಿಂದ ತಟ್ಟೆ ಪ್ರತಿ ಸುತ್ತಿಗೂ ಜರುಗುತ್ತದೆ, ಸ್ಟಡ್ಡು ತೂತಿನಲ್ಲಿ ಬಡಿದಾಡುತ್ತದೆ. ಆಕ್ಸೆಲ್ ಕೆಟ್ಟಿರುವುದು ನಿಜ, ಬದಲಿಸಲೇಬೇಕು. ಆದರೆ ಕೇಜ್ ವೀಲ್‌ನ ಅದೇ ತಟ್ಟೆಯನ್ನು ಹೊಸ ಆಕ್ಸೆಲ್ಲಿಗೆ ಹಾಕಿದರೆ ಮತ್ತೆರಡು ಹಂಗಾಮಿನಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತೀರಿ. ರಬ್ಬರ್ ಗಾಲಿಯ ಡಿಸ್ಕಿನ ತೂತುಗಳನ್ನೂ ನೋಡಿ. ಅವೂ ಸವೆದಿದ್ದರೆ ಅದನ್ನೂ ಬದಲಿಸಬೇಕು.

ಇನ್ನು ಬಿಚ್ಚುವ ಕೆಲಸ. ಟೈರಿನಲ್ಲಿ ಭಾರಕ್ಕೆಂದು ನೀರು ತುಂಬಿಸಿದ್ದರೆ ಮೊದಲು ತೆಗೆಯಿರಿ. ನೂರು ಲೀಟರಿಗೂ ಹೆಚ್ಚು ನೀರಿರುವ ಗಾಲಿ ವಾಲಿದರೆ ಇಬ್ಬರಿಂದ ತಡೆಯಲಾಗದು. ಮುಂದಿನ ಆಕ್ಸೆಲ್ ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ, ಅದರ ಎರಡೂ ಬದಿಗೆ ಮರದ ಬೆಣೆ ಹೊಡೆಯದೆ ಹಿಂಬದಿಯನ್ನು ಎತ್ತಬಾರದು. ಎತ್ತಿದ ಮೇಲೆ ಆಕ್ಸೆಲ್ಲಿನ ಹೊರಕವಚವಾದ ಹೌಸಿಂಗಿನ ಕೆಳಗೆ ಗಟ್ಟಿ ದಿಮ್ಮಿಗಳನ್ನು ಕೊಡಿ, ಜಾಕನ್ನು ನಂಬಬೇಡಿ. ಒಂದೇ ಬದಿಯನ್ನು ಎತ್ತಿದರೆ ಆಯಿಲ್ ಇನ್ನೊಂದು ಬದಿಗೆ ಹರಿಯುತ್ತದೆಂದು ಹಲವರು ಆಯಿಲ್ಲನ್ನು ಹೊರಗೆ ಬಸಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಬಸಿಯುವುದೇ ಒಳ್ಳೆಯದು. ಬೇರಿಂಗು ಪುಡಿಯಾಗಿದ್ದರೆ ಆಯಿಲ್ಲಿನಲ್ಲಿ ಅಯಸ್ಕಾಂತ ಆಡಿಸಿದಾಗ ತಿಳಿಯುತ್ತದೆ.

ಡ್ರಮ್ಮು, ಬ್ರೇಕ್ ಲೈನರ್ ತೆಗೆದು, ಹೌಸಿಂಗಿನ ತುದಿಯ ನಟ್ಟುಗಳನ್ನು ಬಿಚ್ಚಿದರೂ ಆಕ್ಸೆಲ್ ಸುಲಭವಾಗಿ ಬರುವುದಿಲ್ಲ. ಡ್ರಮ್ಮನ್ನು ಹಿಂದುಮುಂದಾಗಿ ಸ್ಟಡ್ಡುಗಳಿಗೆ ಸಡಿಲವಾಗಿ ತೂಗುಹಾಕಿ, ನಟ್ಟುಗಳನ್ನು ತುದಿಗೆ ಕೊಟ್ಟು, ಎರಡೂ ಕೈಯಿಂದ ತಮ್ಮ ಕಡೆಗೆ ಜಗ್ಗಿ ಜಗ್ಗಿ ಹೊಡೆದರೆ ಅದೇ ಸುತ್ತಿಗೆಯ ಕೆಲಸ ಮಾಡುತ್ತದೆ. ಬೀಡುಕಬ್ಬಿಣದ ಡ್ರಮ್ಮು ಒಡೆಯುವ ಭಯವೂ ಇದೆ, ಆದ್ದರಿಂದ ಎಸೆಯಬೇಕೆಂದಿರುವ ಹಳೆಯ ಡ್ರಮ್ಮಿದ್ದರೆ ಅದನ್ನೇ ಬಳಸಿ. ನಡುವೆ ಬರುವ ಶಿಮ್ಮುಗಳನ್ನು (ಸಂದಿ ಹೊಂದಿಸುವ ತೆಳು ತಗಡಿನ ಬಿಲ್ಲೆಗಳನ್ನು) ಎಣಿಸಿ ತಂತಿಗೆ ಪೋಣಿಸಿಡಿ.

ಬೇರಿಂಗನ್ನು ಹಿಡಿದಿರುವುದು ಕಾಯಿಸಿ ಕೂರಿಸಿದ ಬಳೆ, ಅಂದರೆ ಕಾಲರ್. ಹಳೆಯ ಆಕ್ಸೆಲ್ ಹೇಗೂ ಗುಜರಿಗೆ ಹೋಗುವುದರಿಂದ ಕಾಲರನ್ನು ಗ್ರೈಂಡರಿನಲ್ಲಿ ಸೀಳಿ, ಉಳಿಯಿಂದ ಒಂದೇಟು ಕೊಟ್ಟು ಬಿಡಿಸಬಹುದು. ಹೊಸ ಆಕ್ಸೆಲ್ಲನ್ನು ಹಣ ಕೊಡುವ ಮೊದಲೇ ಹಳೆಯದರ ಪಕ್ಕದಲ್ಲಿ ಮಲಗಿಸಿ, ಉದ್ದ, ಹಲ್ಲುಗಳ ಸಂಖ್ಯೆ, ಬೇರಿಂಗ್ ಕೂರುವ ಜಾಗದ ದಪ್ಪ ಮೂರನ್ನೂ ಅಳೆಯಿರಿ. ಸೆಕೆಂಡ್ ಹ್ಯಾಂಡ್ ಆಕ್ಸೆಲ್ ಸಿಕ್ಕರೆ, ಆಯಿಲ್ ಸೋರದಂತೆ ತಡೆಯುವ ಸೀಲು ಉಜ್ಜುವ ಜಾಗದ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ಎಂಥ ಹೊಸ ಸೀಲು ಹಾಕಿದರೂ ಆಯಿಲ್ ನಿಲ್ಲದು.

ಜೋಡಿಸುವಾಗ ಹೊರಗಿನ ಸೀಲಿನ ಹೌಸಿಂಗ್ ಮೊದಲು, ಆಮೇಲೆ ಬೇರಿಂಗು, ಕೊನೆಗೆ ಹೊಸ ಕಾಲರ್. ಕಲಿಯುವ ದಿನಗಳಲ್ಲಿ ನಾನು ಸೀಲಿನ ಹೌಸಿಂಗನ್ನು ಬೆಂಚಿನ ಮೇಲೆ ಮರೆತು ಕಾಲರ್ ಇಳಿಸಿಬಿಟ್ಟಿದ್ದೆ. ಅದು ತಣ್ಣಗಾದ ಮೇಲೆ ನೆನಪಾಯಿತು, ಹೊಸ ಕಾಲರನ್ನೇ ಸೀಳಬೇಕಾಯಿತು. ಕಾಲರ್ ಒಣಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ತಡಮಾಡದೆ ಇಳಿಸಿ, ಬೇರಿಂಗಿಗೆ ಒತ್ತಿ ಹಿಡಿದು ತಾನಾಗಿ ತಣಿಯಲು ಬಿಡಬೇಕು. ನೀರು ಹೊಯ್ಯಬಾರದು.

ಉತ್ತರ (ಚಿತ್ರದುರ್ಗದಿಂದ)

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಈ ಮಾದರಿಯಲ್ಲಿ ಎಡ ಮತ್ತು ಬಲ ಆಕ್ಸೆಲ್‌ಗಳ ಒಳತುದಿಗಳು ನಡುವಿನ ತುಂಡಿನ ಮೂಲಕ ಒಂದನ್ನೊಂದು ಆನಿಕೊಂಡಿರುತ್ತವೆ. ಹೀಗಾಗಿ ಎಡಗಡೆಯ ಶಿಮ್ಮು ಕಡಿಮೆಯಾದರೆ ಬಲಗಡೆಯ ಬೇರಿಂಗೂ ಬಿಗಿಯಾಗಿ ಕಾಯುತ್ತದೆ. ಹಳೆಯ ಶಿಮ್ಮುಗಳನ್ನೇ ಹಾಕಿದರೂ ಹೊಸ ಬೇರಿಂಗಿನೊಂದಿಗೆ ಅಳತೆ ಬದಲಾಗಿರುತ್ತದೆ; ಸೂಕ್ಷ್ಮ ಆಟವನ್ನು ಅಳೆಯುವ ಡಯಲ್ ಗೇಜ್ ಇಟ್ಟು, ಆಕ್ಸೆಲ್ಲನ್ನು ಒಳಗೆ ಹೊರಗೆ ಆಡಿಸಿ, ಸರ್ವೀಸ್ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗೆ ಬರುವವರೆಗೆ ಶಿಮ್ಮನ್ನು ಹೊಂದಿಸಬೇಕು. ಕೈಯಂದಾಜಿನಲ್ಲಿ ಮಾಡಿದ ಗಾಡಿಯ ಬಲಗಡೆಯ ಬೇರಿಂಗು ಒಂದೇ ತಿಂಗಳಲ್ಲಿ ಸುಟ್ಟದ್ದನ್ನು ಕಂಡಿದ್ದೇನೆ. ಆಯಿಲ್ ಹೀರಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ. ಎರಡೂ ಬದಿಗೆ ಹೊಸದನ್ನೇ ಹಾಕಿ, ಇಲ್ಲದಿದ್ದರೆ ಬ್ರೇಕ್ ಒಂದೇ ಕಡೆಗೆ ಎಳೆಯುತ್ತದೆ.

ಪ್ರಶ್ನಿಸಿದವರು

ತಮ್ಮಿಬ್ಬರಿಗೂ ಕೃತಜ್ಞ. ಹೊಸ ಆಕ್ಸೆಲ್, ಬೇರಿಂಗು, ಒಳಗಿನ ಮತ್ತು ಹೊರಗಿನ ಸೀಲು, ಎಂಟೂ ಸ್ಟಡ್ಡು, ಎರಡೂ ಬದಿಯ ಲೈನರ್ ಹಾಕಿಸಿದೆ. ಡಯಲ್ ಗೇಜಿನಲ್ಲಿ ನೋಡಿದಾಗ ಆಟ ಮಿತಿಗಿಂತ ಕಡಿಮೆಯಿದ್ದುದರಿಂದ ಒಂದು ತೆಳುವಾದ ಶಿಮ್ಮನ್ನು ಸೇರಿಸಬೇಕಾಯಿತು. ಕೇಜ್ ವೀಲ್‌ನ ಹಳೆಯ ತಟ್ಟೆಯನ್ನು ಕತ್ತರಿಸಿ ತೆಗೆಸಿ, ರಬ್ಬರ್ ಗಾಲಿಯ ಡಿಸ್ಕನ್ನೇ ಅಚ್ಚಾಗಿಟ್ಟು ಲೇತಿನಲ್ಲಿ ಹೊಸ ತಟ್ಟೆಗೆ ತೂತು ಕೊರೆಸಿ, ನಟ್ಟಿಗೆ ಹೊಂದುವ ಇಳಿಜಾರು ಮಾಡಿಸಿದ್ದೇನೆ. ಮೊದಲ ದಿನ ಅರ್ಧ ಎಕರೆ ರೊಳ್ಳೆ ಹೊಡೆದು ನಿಲ್ಲಿಸಿ ಪಾನಾ ಹಾಕಿದಾಗ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು. ಮೂರನೆಯ ದಿನ ಒಂದೂ ಅಲುಗಲಿಲ್ಲ, ಡ್ರಮ್ಮಿನ ಕೆಳಗೂ ಆಯಿಲ್ಲಿನ ಪಸೆಯಿಲ್ಲ. ಬಲಗಡೆಯ ತಟ್ಟೆಯೂ ಅದೇ ಕೈಯ ಕೆಲಸವಾದ್ದರಿಂದ ನಾಳೆ ಅದನ್ನೂ ಲೇತಿಗೆ ಒಯ್ಯುತ್ತಿದ್ದೇನೆ.