ತಾತನ ಕಾಲದ ವೆಬ್ಲಿ ರಿವಾಲ್ವರ್: ಬೆಲೆ ಕಟ್ಟೋದು ಹೇಗೆ?

ಕೌಲ್‌ಬಜಾರಿನವ, ಬಳ್ಳಾರಿ:
ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ರಿವಾಲ್ವರ್ ಇದೆ. ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡಿದ್ದೇವೆ. ಒಪ್ಪಿಸುವ ಮುಂಚೆ ಫೋಟೊ ತೆಗೆದಿಟ್ಟಿದ್ದೆ. ನಳಿಕೆ ಮೇಲೆ ಮಾರ್ಕ್ ಆರು ಅಂತ ರೋಮನ್ ಅಂಕಿಯಲ್ಲಿದೆ, ಪಕ್ಕದಲ್ಲಿ ವೆಬ್ಲಿ ಹೆಸರು, 1917 ಇಸವಿ. ಅಲ್ಲಲ್ಲಿ ಸಣ್ಣ ಬಾಣದ ಗುರುತು. ನೀಲಿಗಪ್ಪು ಬಣ್ಣ ನಳಿಕೆಯ ತುದಿಯಲ್ಲಿ ಮಾಸಿ ಕಂದು ತಿರುಗಿದೆ. ಬಫಿಂಗ್ (ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ಹೊಳಪು) ಮಾಡಿಸಿದ್ರೆ ಒಳ್ಳೆ ರೇಟ್ ಬರುತ್ತೆ ಅಂತಾನೆ ತಮ್ಮ. ಸಂಗ್ರಹ ಮಾಡೋರು ಏನು ನೋಡ್ತಾರೆ, ಹೇಳಿ.

ಹಳೇಕಬ್ಬಿಣ:
ಬಫಿಂಗ್ ಮಾತ್ರ ಬೇಡವೇ ಬೇಡ, ತಮ್ಮನಿಗೆ ಕೈಮುಗಿದು ಹೇಳಿ! ಆ ಕಂದು ಬಣ್ಣ ನೂರು ವರ್ಷದ ಬಳಕೆಯದು, ಅದು ಕೊರತೆ ಅಲ್ಲ. ಚಕ್ರಕ್ಕೆ ಹಿಡಿದರೆ ಅಕ್ಷರಗಳ ಅಂಚು ಸವೆದು ಗುರುತುಗಳು ಮಸುಕಾಗುತ್ತವೆ, ಹೊಸ ಬಣ್ಣ ಹಾಕಿಸಿದ್ದು ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತೆ, ಬೆಲೆ ಅಲ್ಲೇ ಇಳಿಯುತ್ತೆ. ತೆಳುವಾಗಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಮಾರ್ಕ್ ಆರು, ಅಂದರೆ ವೆಬ್ಲಿ ಕಂಪನಿಯ ಆರನೇ ಮಾದರಿ, ಬ್ರಿಟಿಷ್ ಸೇನೆಗೆ ಬಂದಿದ್ದು 1915ರಲ್ಲಿ. .455 ಗುಂಡು, ಆರಿಂಚಿನ ನಳಿಕೆ. ಎಡಗಡೆಯ ಕೀಲಿ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ಖಾಲಿ ತೋಟಾಗಳು ತಾನಾಗಿಯೇ ಮೇಲೇಳುತ್ತವೆ. ಬಾಣ ಅಂದರೆ ಸರ್ಕಾರದ ಸೊತ್ತು. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ಒತ್ತಿದ್ದರೆ ಸೇನೆಯಿಂದ ಹೊರಗೆ ಮಾರಿದ್ದು ಅಂತ ಅರ್ಥ. ಫೋಟೊದಲ್ಲಿ ಅದನ್ನೇ ಹುಡುಕಿ. ಬಾಡಿ, ನಳಿಕೆ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಮೂರರ ನಂಬರ್ ಒಂದೇ ಇದ್ರೆ ಬೆಲೆ ಜಾಸ್ತಿ. ಸಿಲಿಂಡರ್ ಹಿಂಭಾಗವನ್ನು ತುಸು ಕೆತ್ತಿ ತೆಗೆದಿದ್ದರೆ, ಅದು .45 ಪಿಸ್ತೂಲಿನ ಗುಂಡು ಹಾಕೋಕೆ ಆಮೇಲೆ ಮಾಡಿದ ಕೆಲಸ. ಅಂಥದ್ದಕ್ಕೆ ಸಂಗ್ರಹದವರು ಕಡಿಮೆ ಕೊಡ್ತಾರೆ. ಅಕ್ಷರಗಳು ಸೊಟ್ಟಗಿದ್ದರೆ ನಕಲು ಇರಬಹುದು, ಪಾಕಿಸ್ತಾನದ ದರ್ರಾ ಊರಿನ ಕಡೆ ಕೈಯಲ್ಲೇ ಮಾಡಿದ ವೆಬ್ಲಿಗಳು ಬೇಕಾದಷ್ಟಿವೆ.

ಹಂಪಿರೋಡ್:
ನೂರು ವರ್ಷ ದಾಟಿದೆ ಅಂದ್ಮೇಲೆ ಲೈಸೆನ್ಸ್ ಯಾಕೆ ಬೇಕು? ಆಂಟಿಕ್ ಅಲ್ವಾ?

ರಾಯಚೂರು ವಕೀಲ:
ಇಲ್ಲಪ್ಪ, ಈ ಮಾತು ನಂಬಿಯೇ ಜನ ಕೇಸ್ ಹಾಕಿಸ್ಕೊಳ್ತಾರೆ. 1959ರ ಶಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಆಯುಧಕ್ಕೆ ವಿನಾಯಿತಿ ಇದೆ ನಿಜ. ಆದ್ರೆ ರಿಪೇರಿ ಮಾಡಿದರೂ ಗುಂಡು ಹಾರಿಸೋಕೆ ಆಗದಂಥದ್ದಕ್ಕೆ ಮಾತ್ರ. ಇದರಲ್ಲಿ ಗುಂಡು ಹಾರುತ್ತೆ, ಹಾಗಾಗಿ ವಯಸ್ಸು ಎಷ್ಟಾದರೂ ಲೈಸೆನ್ಸ್ ಬೇಕೇ ಬೇಕು.

ಕೌಲ್‌ಬಜಾರಿನವರೇ, ಠಾಣೆಗೆ ಒಪ್ಪಿಸಿದ್ದು ಸರಿಯಾಯ್ತು. ವಾರಸುದಾರರಾಗಿ ಡಿಸಿ ಆಫೀಸಿಗೆ ಅರ್ಜಿ ಹಾಕಿ. ತಾತನ ಹಳೆ ಲೈಸೆನ್ಸ್ ಪುಸ್ತಕ ಬೀರುವಿನಲ್ಲಿ ಇದೆಯಾ ನೋಡಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಅದು ಮದ್ರಾಸ್ ಸರ್ಕಾರದ್ದಿರಬಹುದು. ಸಂಗ್ರಹದವರಿಗೆ ಆ ಕಾಗದವೂ ಅಮೂಲ್ಯ. ಮಾರೋದಾದ್ರೆ ಲೈಸೆನ್ಸ್ ಇರೋರಿಗೆ ಮಾತ್ರ, ಅದೂ 45 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಿ. ವಿದೇಶದ ಹರಾಜಿನ ರೇಟ್ ನೋಡಿ ಆಸೆ ಪಡಬೇಡಿ, ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಕೌಲ್‌ಬಜಾರಿನವ:
ಫೋಟೊ ದೊಡ್ಡದು ಮಾಡಿ ನೋಡಿದೆ. ಬಾಡಿ, ಸಿಲಿಂಡರ್ ನಂಬರ್ ಒಂದೇ! ನಳಿಕೆಯದು ಕಾಣ್ತಿಲ್ಲ. ಹಿಡಿಯ ಹಿಂದಿನ ಕಬ್ಬಿಣದ ಪಟ್ಟಿ ಮೇಲೆ ಏನೋ ಸಣ್ಣ ಅಕ್ಷರ, ಅಂಕಿ ಇದೆ.

ಹಳೇಕಬ್ಬಿಣ:
ಅದು ಪಲ್ಟನ್ನಿನ ಗುರುತು ಇರಬಹುದು! ಯಾವ ಪಲ್ಟನ್ ಅಂತ ಗೊತ್ತಾದರೆ ಬೆಲೆಯ ಲೆಕ್ಕವೇ ಬೇರೆ. ಮುಖ್ಯ ನಂಬರ್ ಮುಚ್ಚಿ ಆ ಭಾಗದ ಫೋಟೊ ಮಾತ್ರ ಹಾಕಿ, ಓದೋಣ.